ಆಕ್ಟಿನಿಕ್ ಕೆರಟೋಸಿಸ್: ಬರೀ ಕಣ್ಣಿನಿಂದ ಗುರುತಿಸಬಹುದೇ?

ವರ್ಷಗಟ್ಟಲೆ ಬಿಸಿಲು ಬಿದ್ದ ಚರ್ಮದ ಮೇಲೆ ಏಳುವ ಒಂದು ಬಗೆಯ ಒರಟು ಕಲೆಗೆ ವೈದ್ಯರು ಆಕ್ಟಿನಿಕ್ ಕೆರಟೋಸಿಸ್ ಎನ್ನುತ್ತಾರೆ. ಹಣೆ, ಮೂಗು, ಕಿವಿಯ ಅಂಚು, ಬೋಳು ತಲೆ, ಅಂಗೈಯ ಹಿಂಬದಿಯಲ್ಲಿ ಇದು ಜಾಸ್ತಿ. ಮೊದಮೊದಲು ಕಣ್ಣಿಗಿಂತ ಕೈಗೇ ಬೇಗ ಸಿಗುತ್ತದೆ. ಬೆರಳಾಡಿಸಿದರೆ ಪಾಲಿಶ್ ಪೇಪರ್ ಮುಟ್ಟಿದ ಹಾಗಿರುತ್ತದೆ. ಕಾರಣ ಬಿಸಿಲಿನ ಕಾವಲ್ಲ, ಅದರಲ್ಲಿರುವ ಅಲ್ಟ್ರಾವೈಲೆಟ್ ಕಿರಣ. ತಂಪು ಹವೆಯ ಬೆಳಗಾವಿಯಲ್ಲೂ ಅದು ಬೀಳುತ್ತದೆ.

ಇದು ಕ್ಯಾನ್ಸರ್ ಅಲ್ಲ, ಅದಕ್ಕೂ ಮುಂಚಿನ ಹಂತ. ಕೆಲವು ಕಲೆ ತಾವಾಗಿಯೇ ಹೋಗುತ್ತವೆ, ಹಲವು ಹಾಗೇ ಉಳಿಯುತ್ತವೆ. ಸ್ವಲ್ಪ ಮಾತ್ರ ಮುಂದೆ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಎಂಬ ಚರ್ಮದ ಕ್ಯಾನ್ಸರ್ ಆಗುತ್ತವೆ. ಯಾವುದು ಎಂದು ಮೊದಲೇ ಹೇಳಲು ಬರುವುದಿಲ್ಲ.

ಹಾಗಾದರೆ ವೈದ್ಯರು ಬರೀ ನೋಡಿ, ಮುಟ್ಟಿ ಇದನ್ನು ಸರಿಯಾಗಿ ಗುರುತಿಸಬಲ್ಲರೇ? ಬಹಳ ಸಲ ಹೌದು. ಆದರೆ ಇಲ್ಲೊಂದು ಲೆಕ್ಕ ಇದೆ. "ಇದು ಅದೇ" ಎಂದು ವೈದ್ಯರು ಹೇಳಿದ ಕಲೆಗಳಲ್ಲಿ ಲ್ಯಾಬ್‌ನಲ್ಲೂ ಅದೇ ಎಂದು ಬಂದದ್ದು ಎಷ್ಟು? ಈ ಪಾಲಿಗೆ ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಎನ್ನುತ್ತಾರೆ. ಅದು ವೈದ್ಯರ ಅನುಭವದ ಮೇಲಷ್ಟೇ ನಿಂತಿಲ್ಲ. ಆ ಜನರಲ್ಲಿ ಆ ಕಾಯಿಲೆ ಎಷ್ಟಿದೆ ಎಂಬುದರ ಮೇಲೂ ನಿಂತಿದೆ. ಆಸ್ಟ್ರೇಲಿಯಾದ ಬಿಳಿ ಚರ್ಮದವರಲ್ಲಿ ಇದು ತೀರಾ ಸಾಮಾನ್ಯ, ಹಾಗಾಗಿ ಅಲ್ಲಿ ನೋಡಿ ಹೇಳಿದ್ದು ಹೆಚ್ಚಾಗಿ ನಿಜವಾಗುತ್ತದೆ. ನಮ್ಮ ಕಂದು ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ, ಈ ಕಾಯಿಲೆ ಕಡಿಮೆ. ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ದಿನವಿಡೀ ದುಡಿಯುವ ಅಜ್ಜನ ಹಣೆಯ ಒರಟು ಕಲೆ, ವಯಸ್ಸಾದ ಮೇಲೆ ಬರುವ ನಿರುಪದ್ರವಿ ಸೆಬೊರಿಕ್ ಕೆರಟೋಸಿಸ್ ಆಗಿರುವ ಸಾಧ್ಯತೆಯೇ ಜಾಸ್ತಿ. ಡಿಸ್ಕಾಯ್ಡ್ ಲೂಪಸ್‌ನಂಥ (ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಮೇಲೆ ತಿರುಗಿಬೀಳುವ ಕಾಯಿಲೆ) ಬೇರೆ ತೊಂದರೆಯೂ ಇರಬಹುದು. ಮೇಲಾಗಿ, ಕಲೆಯ ಕೆಂಪು ನಮ್ಮ ಬಣ್ಣದ ಮೇಲೆ ಎದ್ದು ಕಾಣುವುದಿಲ್ಲ. ಬಿಳಿ ಚರ್ಮದ ಫೋಟೊ ನೋಡಿಕೊಂಡು ನಮ್ಮ ಚರ್ಮಕ್ಕೆ ಹೆಸರಿಡುವುದು ತಪ್ಪು ಎಂದೇ ನಾನು ನಂಬುತ್ತೇನೆ.

ಹುಟ್ಟಿನಿಂದಲೇ ಚರ್ಮ, ಕೂದಲಿಗೆ ಬಣ್ಣ ಕಡಿಮೆ ಇರುವ ಆಲ್ಬಿನಿಸಂನವರ ಮಾತು ಬೇರೆ. ಅವರಿಗೆ ಇದು ಚಿಕ್ಕ ವಯಸ್ಸಿಗೇ ಬರಬಹುದು. ವಿಜಯಪುರದ ಬಿಸಿಲಲ್ಲಿ ಅಂಥ ಮಗುವಿಗೆ ಟೋಪಿ, ತುಂಬು ತೋಳಿನ ಅಂಗಿ, ಸನ್‌ಸ್ಕ್ರೀನ್ ಬೇಕೇ ಬೇಕು. (ತೊನ್ನು ಬೇರೆ, ಆಲ್ಬಿನಿಸಂ ಬೇರೆ. ದಯವಿಟ್ಟು ಎರಡನ್ನೂ ಒಂದೇ ಎನ್ನಬೇಡಿ.)

ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಆಗಲೇ ಕ್ಯಾನ್ಸರ್ ಆಗಿರುವುದನ್ನು ಸುಮ್ನೆ ಒರಟು ಕಲೆ ಎಂದುಕೊಂಡು ಬಿಟ್ಟುಬಿಡುವುದು. ಕಲೆಯ ಬುಡ ಗಟ್ಟಿಯಾದರೆ, ಬೇಗ ಬೆಳೆದರೆ, ಮುಟ್ಟಿದರೆ ನೋವಾದರೆ, ರಕ್ತ ಬಂದರೆ, ಹುಣ್ಣಾಗಿ ಮಾಯದೆ ಉಳಿದರೆ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ, ಆಗಲೇಬೇಕು. ಕತ್ತರಿ ತಾಗಿದರೆ ಹಬ್ಬುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ. ಚರ್ಮದ ಬಯಾಪ್ಸಿಯಿಂದ ಈ ಕಾಯಿಲೆ ಹಬ್ಬುವುದಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಸಾಮಾನ್ಯವಾಗಿ 3–4 ಮಿಲಿಮೀಟರ್ ಅಗಲದ ಚೂರು ತೆಗೆಯುತ್ತಾರೆ. ಕೆಟ್ಟ ಕೋಶಗಳು ಚರ್ಮದ ಮೇಲ್ಪದರದಲ್ಲೇ ಇವೆಯೋ, ಕೆಳಕ್ಕೆ ಇಳಿದಿವೆಯೋ ಎಂದು ಲ್ಯಾಬ್‌ನಲ್ಲಿ ನೋಡುತ್ತಾರೆ. ಮೇಲೇ ಇದ್ದರೆ ಲಿಕ್ವಿಡ್ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸಿ ಉದುರಿಸಬಹುದು, ಅಥವಾ ಫ್ಲೋರೋಯುರಾಸಿಲ್ ಮುಲಾಮು ಹಚ್ಚಬಹುದು. ಇಳಿದಿದ್ದರೆ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದ ಸಮೇತ ಆಪರೇಷನ್ ಮಾಡಿ ತೆಗೆಯುತ್ತಾರೆ.