ಕತ್ತಲಲ್ಲಿ ಅಂಚೆ ವಿಮಾನಕ್ಕೆ ದಾರಿ ತೋರಿಸಿದವರು

ಪ್ರಶ್ನೆ: ರಾಡಾರ್ ಇರಲಿಲ್ಲ, ವಿಮಾನದಲ್ಲಿ ರೇಡಿಯೋನೂ ಇರಲಿಲ್ಲ. 1920ರ ಸುಮಾರಿಗೆ ಅಂಚೆ ಒಯ್ಯುತ್ತಿದ್ದ ಪೈಲಟ್‌ಗಳು ರಾತ್ರಿ ಹೊತ್ತು ದಾರಿ ಹೇಗೆ ಕಂಡುಕೊಳ್ಳುತ್ತಿದ್ದರು?

ಮೊದಮೊದಲು ಅವರು ರಾತ್ರಿ ಹಾರುತ್ತಲೇ ಇರಲಿಲ್ಲ. ಅಮೆರಿಕದ ಅಂಚೆ ಪೈಲಟ್‌ಗಳು ಹಗಲು ರೈಲು ಹಳಿ, ಹೊಳೆ, ಊರು ನೋಡಿಕೊಂಡು ಹೋಗುತ್ತಿದ್ದರು. ಹಗಲಲ್ಲೂ ದಾರಿ ತಪ್ಪುತ್ತಿತ್ತು. 1918ರ ಮೇ 15, ಸೇವೆ ಶುರುವಾದ ದಿನವೇ ವಾಷಿಂಗ್ಟನ್‌ನಿಂದ ಉತ್ತರಕ್ಕೆ ಹೋಗಬೇಕಿದ್ದ ಜಾರ್ಜ್ ಬಾಯ್ಲ್ ದಕ್ಷಿಣಕ್ಕೆ ಹೋಗಿ ಹೊಲವೊಂದರಲ್ಲಿ ಇಳಿದರು. ಕತ್ತಲಾದರೆ ಅಂಚೆ ಚೀಲಗಳನ್ನು ರೈಲಿಗೆ ಹಾಕುತ್ತಿದ್ದರು, ಬೆಳಗ್ಗೆ ಮತ್ತೆ ವಿಮಾನಕ್ಕೆ. ಹೀಗಾದರೆ ವಿಮಾನದಿಂದ ಉಳಿಯುವ ಸಮಯ ಎಷ್ಟು? ಇಷ್ಟಕ್ಕೆ ದುಡ್ಡು ಯಾಕೆ ಸುರಿಯಬೇಕು ಅಂತ ಸಂಸತ್ತಿನಲ್ಲಿ ತಕರಾರು ಎದ್ದಿತು.

ಅದಕ್ಕೇ 1921ರ ಫೆಬ್ರವರಿ 22ರಂದು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ನ್ಯೂಯಾರ್ಕ್ ನಡುವೆ ಅಂಚೆಯನ್ನು ಹಗಲು ರಾತ್ರಿ ಹಾರಿಸಿ ನೋಡುವ ಪ್ರಯತ್ನ ನಡೆಯಿತು. ಚಳಿಗಾಲ, ಮೇಲೆ ಮುಚ್ಚಳವಿಲ್ಲದ ಕಾಕ್‌ಪಿಟ್. ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಬಂದ ಪೈಲಟ್‌ಗಳಲ್ಲಿ ವಿಲಿಯಂ ಲೂಯಿಸ್ ನೆವಾಡಾದ ಎಲ್ಕೋದಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅವರ ಚೀಲಗಳು ಬೇರೆ ವಿಮಾನದಲ್ಲಿ ಮುಂದೆ ಹೋದವು.

ರಾತ್ರಿ ನೆಬ್ರಾಸ್ಕಾದಲ್ಲಿ ಆ ಅಂಚೆ ಜ್ಯಾಕ್ ನೈಟ್ ಕೈಗೆ ಬಂತು. ಕೆಳಗೆ ರೈತರು, ಅಂಚೆಯವರು ದಾರಿಯುದ್ದಕ್ಕೂ ಬೆಂಕಿ ಹಾಕಿ ಕಾಯುತ್ತಿದ್ದರು. ಒಂದು ಬೆಂಕಿ ದಾಟಿದರೆ ಮುಂದಿನದನ್ನು ಹುಡುಕಬೇಕು. ಅವರ ಪಾಳಿ ಒಮಾಹಾಗೆ ಮುಗಿಯಬೇಕಿತ್ತು. ಅಲ್ಲಿ ಇಳಿದಾಗ ರಾತ್ರಿ ಒಂದು ದಾಟಿತ್ತು. ಹವಾಮಾನ ಕೆಟ್ಟು ಮುಂದಿನ ಪೈಲಟ್ ಬಂದೇ ಇರಲಿಲ್ಲ.

ಅಲ್ಲಿಂದ ಶಿಕಾಗೋಗೆ ಸುಮಾರು 700 ಕಿ.ಮೀ. ನೈಟ್ ಆ ದಾರಿಯಲ್ಲಿ ಒಮ್ಮೆಯೂ ಹಾರಿದವರಲ್ಲ. ಆದರೂ ರಸ್ತೆ ನಕ್ಷೆಯೊಂದನ್ನು ಇಟ್ಟುಕೊಂಡು ಹೊರಟರು. ಡೆ ಮೊಯಿನ್‌ನಲ್ಲಿ ಹಿಮ ಜಾಸ್ತಿ, ಇಳಿಯಲು ಆಗಲಿಲ್ಲ. ಅಯೋವಾ ಸಿಟಿಗೆ ಬಂದರೆ ಮೈದಾನದ ಸಿಬ್ಬಂದಿ ಹಾರಾಟ ರದ್ದಾಗಿದೆ ಅಂದುಕೊಂಡು ಮನೆಗೆ ಹೋಗಿದ್ದರು. ಉಳಿದಿದ್ದವನು ರಾತ್ರಿ ಕಾವಲುಗಾರ ಒಬ್ಬನೇ. ಎಂಜಿನ್ ಸದ್ದು ಕೇಳಿ ಅವನು ಪಂಜು ಹಚ್ಚಿದ. ಆ ಬೆಳಕಿಗೆ ನೈಟ್ ಇಳಿದು, ಪೆಟ್ರೋಲ್ ತುಂಬಿಸಿಕೊಂಡು ಮತ್ತೆ ಹಾರಿದರು. ಬೆಳಗ್ಗೆ 8:40ಕ್ಕೆ ಶಿಕಾಗೋ ಮುಟ್ಟಿದರು.

ನೈಟ್ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು, ಬರಬೇಕಾದ್ದೇ. ಆದರೆ ಆ ಕಾವಲುಗಾರ ಎಚ್ಚರವಾಗಿ ಇಲ್ಲದಿದ್ದರೆ? ನನಗಂತೂ ಈ ಕಥೆಯಲ್ಲಿ ಅವನೂ ಅಷ್ಟೇ ದೊಡ್ಡವನು.

ಅಂಚೆ 33 ಗಂಟೆ 20 ನಿಮಿಷದಲ್ಲಿ ನ್ಯೂಯಾರ್ಕ್ ಸೇರಿತು. ರೈಲು, ವಿಮಾನ ಸೇರಿಸಿ ಕಳಿಸಿದಾಗ ಸುಮಾರು ಮೂರು ದಿನ ಹಿಡಿಯುತ್ತಿತ್ತು. ಸಂಸತ್ತು ದುಡ್ಡು ಕೊಟ್ಟಿತು. 1924ರ ಹೊತ್ತಿಗೆ ಶಿಕಾಗೋದಿಂದ ಶಯೆನ್‌ವರೆಗೆ, ಹೊಲದ ಬೆಂಕಿ ಇದ್ದ ಕಡೆ, ಗೋಪುರಗಳ ಮೇಲೆ ತಿರುಗುವ ದೀಪಗಳು ಬಂದವು. ಮುಂದೆ ಗೋಪುರದ ಬುಡದಲ್ಲಿ ದಿಕ್ಕು ತೋರಿಸಲು ಕಾಂಕ್ರೀಟಿನ ದೊಡ್ಡ ಬಾಣಗಳನ್ನೂ ಹಾಕಿದರು. ಅವುಗಳಲ್ಲಿ ಕೆಲವು ಇವತ್ತಿಗೂ ಅಲ್ಲಿನ ಬಯಲಲ್ಲಿ ಹಾಗೇ ಇವೆ.