ಬ್ರೆಡ್ಡಿಗೆ ಕೆಂಡ ಬೇಕು

ಶಿಬಿರಗಳಲ್ಲಿ ಬೆಂಕಿಯ ಮೇಲೆ ಬ್ರೆಡ್ ಮಾಡುವುದನ್ನು ಕಲಿಸುವಾಗ ಎಲ್ಲರೂ ಮೊದಲು ಕೇಳುವುದು ಹಿಟ್ಟಿನ ಅಳತೆ. ಅದು ಸುಲಭ. 250 ಗ್ರಾಂ ಮೈದಾ, 2 ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, 2 ದೊಡ್ಡ ಚಮಚ ಎಣ್ಣೆ, ಸುಮಾರು 150 ಮಿಲಿ ನೀರು. ಒಣ ಸಾಮಾನನ್ನು ಮನೆಯಲ್ಲೇ ಬೆರೆಸಿ ಡಬ್ಬಿಗೆ ತುಂಬಿಕೊಳ್ಳಿ. ಎಣ್ಣೆ, ನೀರು ಮಾತ್ರ ಕೆಂಡ ಸಿದ್ಧವಾದ ಮೇಲೆ. ನೀರು ಬಿದ್ದ ಕೂಡಲೇ ಬೇಕಿಂಗ್ ಪೌಡರ್ ಗುಳ್ಳೆ ಬಿಡಲು ಶುರುಮಾಡುತ್ತದೆ. ಕಲಸಿಟ್ಟು ಸುಮ್ನೆ ಕಾಯುತ್ತಾ ಕೂತರೆ ಬ್ರೆಡ್ ಸರಿಯಾಗಿ ಉಬ್ಬುವುದಿಲ್ಲ. ಜಾಸ್ತಿ ನಾದಲೂ ಬೇಡಿ. ನಾದಿದಷ್ಟೂ ಹಿಟ್ಟಿನಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಬಿಗಿಯಾಗಿ, ಅಗಿಯಲು ಕಷ್ಟವಾಗುತ್ತದೆ. ಹಿಟ್ಟು ಕೂಡಿಕೊಂಡರೆ ಸಾಕು, ಅಲ್ಲಲ್ಲಿ ಗಂಟಿದ್ದರೂ ಪರವಾಗಿಲ್ಲ.

ನಿಜವಾದ ಕೆಲಸ ಇರುವುದು ಬೆಂಕಿಯಲ್ಲಿ. ಉರಿ ಎದ್ದ ತಕ್ಷಣ ಬಾಣಲೆ ಇಟ್ಟುಬಿಡೋಣ ಅನಿಸುತ್ತದೆ, ಅಲ್ವಾ? ದಯವಿಟ್ಟು ತಡೆದುಕೊಳ್ಳಿ. ಉರಿ ಗಾಳಿ ಬೀಸಿದ ಕಡೆಗೆ ವಾಲುತ್ತದೆ. ಒಂದು ಬದಿ ಸೀದು ಹೋಗುತ್ತದೆ, ಒಳಗೆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಗಟ್ಟಿ ಕಟ್ಟಿಗೆ ಉರಿದು ಕೆಂಡವಾಗಲು ಮುಕ್ಕಾಲು ಗಂಟೆಯಾದರೂ ಬಿಡಿ. ಕೆಂಡದ ಮೇಲೆ ತೆಳ್ಳಗೆ ಬೂದಿ ಕಟ್ಟಬೇಕು. ಆಮೇಲೆ ಅಂಗೈಯನ್ನು ಒಂದು ಗೇಣು ಮೇಲೆ ಹಿಡಿದು ಎಣಿಸಿ. ಐದು ಸೆಕೆಂಡು ತಡೆಯಲು ಆದರೆ ಶಾಖ ಹದವಾಗಿದೆ. ಎರಡಕ್ಕೇ ಕೈ ಹಿಂದೆ ಬಂದರೆ ಕೆಂಡವನ್ನು ಹರಡಿ.

ದಪ್ಪ ತಳದ ಕಬ್ಬಿಣದ ಬಾಣಲೆಗೆ ಎಣ್ಣೆ ಸವರಿ, ಹಿಟ್ಟನ್ನು 2 ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಏಳೆಂಟು ನಿಮಿಷಕ್ಕೆ ತಳ ಗಟ್ಟಿಯಾಗಿ, ಬಾಣಲೆ ಅಲ್ಲಾಡಿಸಿದರೆ ಬ್ರೆಡ್ ಜಾರುತ್ತದೆ. ಆಗ ಮಗುಚಿ, ಮತ್ತೆ ಅಷ್ಟೇ ಹೊತ್ತು ಬೇಯಿಸಿ. ಮಧ್ಯಕ್ಕೆ ಚಾಕು ಚುಚ್ಚಿದಾಗ ಹಿಟ್ಟು ಅಂಟದೆ ಬಂದರೆ ಆಯಿತು. ಇನ್ನೂ ಹಸಿ ಅನಿಸಿದರೆ ಬಾಣಲೆಯನ್ನು ಕೆಂಡದಿಂದ ಇಳಿಸಿ, ಬೆಂಕಿಗೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿ. ತಳ ಸೀಯದೆ ಮೇಲಿನಿಂದ ಬೇಯುತ್ತದೆ. ನನಗೆ ಬಹಳ ಇಷ್ಟವಾದ ಉಪಾಯ ಇದು.

ಬಾಣಲೆ ಇಲ್ಲದಿದ್ದರೆ ಕೋಲು ಸಾಕು. ಹೆಬ್ಬೆರಳು ಗಾತ್ರದ ಹಸಿ ಕೋಲು, ತೊಗಟೆ ಸುಲಿದದ್ದು. ಯಾವ ಗಿಡದ್ದೆಂದು ಗೊತ್ತಿಲ್ಲದ ಕೋಲು ಬೇಡ. ಕಣಗಿಲೆಯಂತೂ ಬೇಡವೇ ಬೇಡ, ಅದರ ಎಲ್ಲ ಭಾಗವೂ ವಿಷ. ಹಿಟ್ಟನ್ನು ಬೆರಳಿನಷ್ಟೇ ದಪ್ಪಕ್ಕೆ ಹೊಸೆದು ಕೋಲಿಗೆ ಸುತ್ತಿ, ಕೆಂಡದ ಮೇಲೆ ಹತ್ತು ಹನ್ನೆರಡು ನಿಮಿಷ ತಿರುಗಿಸುತ್ತಿರಿ. ಎಳೆದರೆ ಸಲೀಸಾಗಿ ಕಳಚಿ ಬರಬೇಕು. ಅಂಟಿಕೊಂಡರೆ ಒಳಗೆ ಬೆಂದಿಲ್ಲ, ಇನ್ನೆರಡು ನಿಮಿಷ ಹಿಡಿಯಿರಿ. ಕೋಲು ತೆಗೆದ ತೂತಿಗೆ ಬಿಸಿಯಿರುವಾಗಲೇ ಬೆಣ್ಣೆಯೋ ಜಾಮೋ ತುಂಬಿ ತಿನ್ನಿ.