ಓಯಿಜಾ ಬೋರ್ಡ್: ಆಟದ ಸಾಮಾನೋ, ಆತ್ಮದ ಅಂಚೆಯೋ?

ಅಕ್ಷರಗಳು, 'ಹೌದು', 'ಇಲ್ಲ' ಬರೆದಿರುವ ಒಂದು ಹಲಗೆ; ಅದರ ಮೇಲಿನ ಪುಟ್ಟ ಮಣೆಗೆ ಬೆರಳಿಟ್ಟು ಪ್ರಶ್ನೆ ಕೇಳಿದರೆ, ಮಣೆ ಓಡಿ ಆತ್ಮದ ಉತ್ತರ ತೋರಿಸುತ್ತದೆ ಅನ್ನುತ್ತಾರೆ. ಅದೇ ಓಯಿಜಾ ಬೋರ್ಡ್. ಹೆಸರು ಕೇಳಿದ ತಕ್ಷಣ ಯಾವುದೋ ಓಬೀರಾಯನ ಕಾಲದ ಮಾಟಮಂತ್ರದ ವಸ್ತು ಅನ್ನಿಸುತ್ತದೆ. ಹಾಗೇನಿಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕೆಲವರು ಸೇರಿ 1890ರಲ್ಲಿ ಮಾರಾಟಕ್ಕೆಂದೇ ಶುರು ಮಾಡಿದ ಸರಕು ಅದು. ಓದುವಾಗ ಒಂದು ಪ್ರಶ್ನೆ ನೆನಪಿರಲಿ: ಮಾರಿದವರು ಇದನ್ನು ಏನೆಂದು ಕರೆದರು? ಉತ್ತರ ಅವರ ಅನುಕೂಲಕ್ಕೆ ತಕ್ಕ ಹಾಗೆ ಬದಲಾಗಿದೆ.

ಮೊದಲು ಹಿನ್ನೆಲೆ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬಲ್ಲಿ ಫಾಕ್ಸ್ ಮನೆತನದ ಹುಡುಗಿಯರು ತಮ್ಮ ಪ್ರಶ್ನೆಗಳಿಗೆ ಆತ್ಮವೊಂದು ಟಕ್ ಟಕ್ ಎಂದು ಉತ್ತರ ಕೊಡುತ್ತದೆ ಅಂದರು. ಊರೂರಲ್ಲಿ ಇಂಥ ಕೂಟಗಳು ಶುರುವಾದವು. ಸದ್ದು ಬರುತ್ತಿದ್ದದ್ದು ತಮ್ಮ ಕಾಲ್ಬೆರಳಿನ ಗೆಣ್ಣಿನಿಂದ ಎಂದು ಮ್ಯಾಗಿ ಫಾಕ್ಸ್ 1888ರಲ್ಲಿ ವೇದಿಕೆ ಮೇಲೆಯೇ ಒಪ್ಪಿಕೊಂಡಳು. ಆದರೆ ಅಷ್ಟರಲ್ಲಿ 1861–65ರ ಅಂತರ್ಯುದ್ಧ ಲಕ್ಷಾಂತರ ಯುವಕರನ್ನು ನುಂಗಿತ್ತು. ಮಗನ ಹೆಣವೂ ಮನೆಗೆ ಬರದ ತಾಯಂದಿರು ಕಾಲ್ಬೆರಳಿನ ಸುದ್ದಿ ಕೇಳಿಸಿಕೊಂಡಾರೇ?

ತೊಂದರೆ ಇದ್ದದ್ದು ವೇಗದ್ದು. ಒಬ್ಬರು ಎ, ಬಿ, ಸಿ ಎಂದು ಹೇಳುತ್ತಾ ಹೋಗಬೇಕು, ಬೇಕಾದ ಅಕ್ಷರ ಬಂದಾಗ ಸದ್ದು ಬರಬೇಕು. ಒಂದು ಸಾಲು ಮುಗಿಯುವುದರೊಳಗೆ ಎಲ್ಲರಿಗೂ ಆಕಳಿಕೆ. ಫ್ರಾನ್ಸಿನಿಂದ ಬಂದ ಪ್ಲಾಂಚೆಟ್, ಅಂದರೆ ಚಕ್ರ ಮತ್ತು ಪೆನ್ಸಿಲ್ ಇರುವ ಪುಟ್ಟ ಹಲಗೆ, ಬೇಗ ಬರೆಯುತ್ತಿತ್ತು. ಆದರೆ ಆ ಗೀಚು ಓದುವವರು ಯಾರು? 1886ರಲ್ಲಿ ಓಹಾಯೋದ ಜನ ಅಕ್ಷರಗಳನ್ನೇ ಹಲಗೆ ಮೇಲೆ ಬರೆದು, ಅದರ ಮೇಲೆ ಪುಟ್ಟ ಮಣೆ ಓಡಿಸುತ್ತಿದ್ದಾರೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ನಮ್ಮ ಹಾಸ್ಟೆಲ್‌ಗಳಲ್ಲಿ ಚಾರ್ಟ್ ಮೇಲೆ ಅಕ್ಷರ ಬರೆದು ನಾಣ್ಯಕ್ಕೆ ಬೆರಳಿಟ್ಟು ಕೂರುತ್ತಾರಲ್ಲ, ಬಹುತೇಕ ಅದೇ.

ಇದರಲ್ಲಿ ದುಡ್ಡು ಕಂಡವರು ಬಾಲ್ಟಿಮೋರಿನ ಚಾರ್ಲ್ಸ್ ಕೆನಾರ್ಡ್ ಮತ್ತು ವಕೀಲ ಎಲೈಜಾ ಬಾಂಡ್. ಬಾಂಡ್‌ನ ನಾದಿನಿ ಹೆಲೆನ್ ಪೀಟರ್ಸ್ ಬೋರ್ಡಿಗೇ ಅದರ ಹೆಸರು ಕೇಳಿದಳಂತೆ, ಅದು ಓಯಿಜಾ ಅಂದಿತಂತೆ. ಪೇಟೆಂಟ್ ಕಚೇರಿಯ ಕಥೆ ಇನ್ನೂ ಚೆನ್ನಾಗಿದೆ. ಅಧಿಕಾರಿ 'ನನ್ನ ಹೆಸರು ಹೇಳಿಸಿ ನೋಡೋಣ' ಅಂದ, ಬೋರ್ಡು ಹೇಳಿಬಿಟ್ಟಿತಂತೆ. ಪೇಟೆಂಟ್ ಅರ್ಜಿ ಹಿಡಿದು ಹೋದ ವಕೀಲನಿಗೆ ಆ ಅಧಿಕಾರಿಯ ಹೆಸರು ಗೊತ್ತಿರಲಿಲ್ಲ ಅಂದರೆ ನನಗಂತೂ ನಂಬಿಕೆ ಬರುವುದಿಲ್ಲ. ಇರಲಿ, 1891ರ ಫೆಬ್ರವರಿ 10ರಂದು ಪೇಟೆಂಟ್ ಸಿಕ್ಕಿತು. ಯಾವುದಕ್ಕೆ? 'ಆಟಿಕೆ ಅಥವಾ ಆಟ'ಕ್ಕೆ. ಇದನ್ನು ಅಡಿಗೆರೆ ಎಳೆದು ಇಟ್ಟುಕೊಳ್ಳಿ.

ಮುಂದೆ ವ್ಯಾಪಾರ ವಿಲಿಯಂ ಫುಲ್ಡ್ ಕೈಗೆ ಬಂತು. ಮೊದಲ ಮಹಾಯುದ್ಧದ ನಂತರ ಮಾರಾಟ ಮತ್ತೆ ಜೋರಾಯಿತು. ಅಷ್ಟರಲ್ಲಿ ಆಟದ ಸಾಮಾನಿನ ಮೇಲೆ ಸರ್ಕಾರ ತೆರಿಗೆ ಹಾಕಿತ್ತು. ಆಗ ನೋಡಿ, ಬೋರ್ಡ್ ತಯಾರಿಸುತ್ತಿದ್ದ ಕಂಪನಿ ಕೋರ್ಟಿಗೆ ಹೋಗಿ ಇದು ಆಟವೇ ಅಲ್ಲ ಎಂದು ವಾದಿಸಿತು! ಕೋರ್ಟ್ ಒಪ್ಪಲಿಲ್ಲ, ತೆರಿಗೆ ತಪ್ಪಲಿಲ್ಲ. 1927ರಲ್ಲಿ ಫುಲ್ಡ್ ತನ್ನ ಕಾರ್ಖಾನೆಯ ಮಾಳಿಗೆಯಿಂದ ಬಿದ್ದು ಸತ್ತ. 1966ರಲ್ಲಿ ಬೋರ್ಡನ್ನು ಪಾರ್ಕರ್ ಬ್ರದರ್ಸ್ ಎಂಬ ಆಟಿಕೆ ಕಂಪನಿ ಕೊಂಡಿತು. ಭಯದ ಬಣ್ಣ ದಟ್ಟವಾದದ್ದು 1973ರ 'ದಿ ಎಕ್ಸಾರ್ಸಿಸ್ಟ್' ಸಿನಿಮಾದ ನಂತರ. ಅದಕ್ಕೆ ಮೊದಲು ಇದನ್ನು ಮನೆಮಂದಿಯೆಲ್ಲ ಕೂತು ಆಡುತ್ತಿದ್ದರು.

ಹಾಗಾದರೆ ಮಣೆ ಓಡುವುದು ಹೇಗೆ? ಯಾರೋ ಬೇಕೆಂದೇ ತಳ್ಳುತ್ತಾರೆ ಅನ್ನುವುದು ಪೂರ್ತಿ ಉತ್ತರ ಅಲ್ಲ. ಎಲ್ಲರೂ ಟೇಬಲ್ ಮೇಲೆ ಕೈಯಿಟ್ಟು ಕೂತರೆ ಆತ್ಮ ಬಂದು ಅದನ್ನು ತಿರುಗಿಸುತ್ತದೆ ಅನ್ನುವ ಕೂಟಗಳಿದ್ದವು; ಇದೇ ಪ್ರಶ್ನೆ ಅವುಗಳ ಬಗ್ಗೆಯೂ ಇತ್ತು. 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಟೇಬಲ್ ಮೇಲೆ ರಟ್ಟಿನ ಹಾಳೆಗಳನ್ನು ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಮೇಲೆ ಕೈ ಇಡಿಸಿದ. ಟೇಬಲ್ ತಾನಾಗಿ ತಿರುಗಿದ್ದರೆ ಕೆಳಗಿನ ಹಾಳೆ ಮೊದಲು ಸರಿಯಬೇಕು, ಅಲ್ವಾ? ಸರಿದದ್ದು ಮೇಲಿನದು. ಕೈಯೇ ತಳ್ಳುತ್ತಿತ್ತು, ಕೈಯವರಿಗೆ ಗೊತ್ತಿರಲಿಲ್ಲ. ಆಮೇಲೆ ಕೈಯ ಒತ್ತಡ ತೋರಿಸುವ ಕಡ್ಡಿಯನ್ನು ಅವರ ಕಣ್ಣೆದುರೇ ಇಟ್ಟ. ಟೇಬಲ್ ತಿರುಗುವುದು ನಿಂತೇಹೋಯಿತು. ಗೊತ್ತಿಲ್ಲದೆ ಸ್ನಾಯುಗಳು ನಡೆಸುವ ಈ ಚಲನೆಗೆ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಐಡಿಯೋಮೋಟರ್ ಎಂದು ಹೆಸರಿಟ್ಟಿದ್ದ.

ಬೋರ್ಡ್ ಮುಂದೆ ಕೂತವರಿಗೆ ಕಣ್ಣುಪಟ್ಟಿ ಕಟ್ಟಿ, ಗೊತ್ತಾಗದಂತೆ ಬೋರ್ಡನ್ನು ತಿರುಗಿಸಿಟ್ಟರೆ ಮಣೆ ಎಲ್ಲಿಗೆ ಹೋಗುತ್ತದೆ ಗೊತ್ತೇ? 'ಹೌದು' ಮೊದಲು ಇದ್ದ ಜಾಗಕ್ಕೆ.